ಲೋಕಾಪುರದ ಕಲ್ಲಿನ ಸುರುಳಿ ಶಂಖವಲ್ಲ
ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಹೊಲದ ಬದುವಿನಲ್ಲಿ ಸಿಕ್ಕ, ಕೊಯ್ದ ಈರುಳ್ಳಿಯಂತೆ ಸುತ್ತುಸುತ್ತಾಗಿರುವ ಕಲ್ಲಿನ ಚಿತ್ರ ಕಳಿಸಿ, ಇದು ಶಂಖದ ಪಳೆಯುಳಿಕೆಯೇ ಎಂದು ಕೇಳಿದ್ದೀರಿ. ಅಲ್ಲ, ಅದು ಬಹುತೇಕ ಸ್ಟ್ರೊಮ್ಯಾಟೊಲೈಟ್, ಅಂದರೆ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಕಲ್ಲು. ಅಲ್ಲಿನ ಸುಣ್ಣಕಲ್ಲು ಕಡಲತಳದಲ್ಲೇ ಶೇಖರವಾದದ್ದು ನಿಜ. ಆದರೆ ಚಿಪ್ಪಿನ ಪ್ರಾಣಿಗಳು ಹುಟ್ಟಿದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಈ ಕಲ್ಲು ಅದಕ್ಕಿಂತ ಬಹಳ ಹಳೆಯದು. ಪದರಗಳನ್ನು ಕಟ್ಟಿದ್ದು ಸೂಕ್ಷ್ಮಜೀವಿಗಳ ಲೋಳೆ.

ಮೊದಲು ಕಲ್ಲನ್ನು ತೊಳೆದು, ಒದ್ದೆಯಿರುವಾಗಲೇ ಮಗ್ಗುಲಿನಿಂದ ನೋಡಿ. ತೆಳುಪದರಗಳು ಬೋರಲು ಹಾಕಿದ ಬಟ್ಟಲುಗಳನ್ನು ಪೇರಿಸಿದಂತೆ ಉಬ್ಬಿದ್ದರೆ ಅದೇ. ಗಿಡದಂತೆ ಕವಲೊಡೆದ ಕಪ್ಪು ಗೆರೆಗಳಷ್ಟೇ ಇದ್ದರೆ ಅದು ಬಿರುಕಿಗಿಳಿದ ಮ್ಯಾಂಗನೀಸ್. ನಾನೂ ಒಮ್ಮೆ ಅದಕ್ಕೆ ಮರುಳಾಗಿದ್ದೆ. ಆಮೇಲೆ ಮೂಲೆಯನ್ನು ಕೆರೆದು, ಪುಡಿಗೆ ನಿಂಬೆರಸ ಹಿಂಡಿ. ನೊರೆಯೆದ್ದರೆ ಸುಣ್ಣದ ಜಾತಿ.

ಒಡೆಯಬೇಡಿ. ಚಿತ್ರ ನೋಡಿಯಷ್ಟೇ ನಾನು ಖಚಿತವಾಗಿ ಹೇಳಲಾರೆ. ಪಕ್ಕದಲ್ಲಿ ನಾಣ್ಯವಿಟ್ಟು ಫೋಟೊ ತೆಗೆದು, ಸಿಕ್ಕ ಜಾಗವನ್ನು ಬರೆದುಕೊಂಡು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ತೋರಿಸಿ.