ಊರಿನವರು ಮುಗ್ಧರು, ಹೊರಗಿನವರು ಕೆಡಿಸಿದರು ಅನ್ನುವ ಮಾತು

ಸಾಸ್ಕಟೂನ್‌ನಿಂದ ಬರೆದ ಓದುಗರಿಗೆ ನಮಸ್ಕಾರ.

ಕೆನಡಾದ ಸಾಸ್ಕಾಚೆವಾನ್ ಪ್ರಾಂತ್ಯದ ಹಳ್ಳಿಗಳಲ್ಲಿ 1920ರ ದಶಕದಲ್ಲಿ ಕ್ಯಾಥೊಲಿಕರ ಮೇಲೆ ಎದ್ದ ದ್ವೇಷದ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ನಿಮಗೆ ಬೇಸರವಾಗಿದೆ. "ಕೂ ಕ್ಲಕ್ಸ್ ಕ್ಲಾನ್ ಅಮೆರಿಕದಿಂದ ಬಂದ ಪೀಡೆ. ಇಲ್ಲಿನ ರೈತರು ಮುಗ್ಧರು, ಹಿಮದಲ್ಲಿ ಕಾರು ಸಿಕ್ಕಿಕೊಂಡರೆ ಹೆಸರೂ ಕೇಳದೆ ಬಂದು ತಳ್ಳುವ ಜನ. ಹಳೆಯದನ್ನು ಯಾಕೆ ಕೆದಕುತ್ತೀರಿ?" ಅಂತ ಕೇಳಿದ್ದೀರಿ. ನೆರೆಯವರ ಪರವಾಗಿ ನಿಲ್ಲುವ ನಿಮ್ಮ ಗುಣ ನನಗೆ ತುಂಬಾ ಹಿಡಿಸಿತು. ವಾದ ಮಾತ್ರ ಒಪ್ಪಲಾರೆ.

ಬಿಳಿಯ ಪ್ರಾಟೆಸ್ಟೆಂಟರೇ ಮೇಲು ಅನ್ನುವ ಆ ಗುಪ್ತ ಸಂಘದ ಅಮೆರಿಕದವರು ಬಂದದ್ದು ನಿಜ. 1926ರ ಕೊನೆಗೆ ಇಂಡಿಯಾನಾದಿಂದ ಹ್ಯೂ ಎಮನ್ಸ್ ಮತ್ತು ಲೂಯಿಸ್ ಸ್ಕಾಟ್ ಬಂದರು. ಊರೂರು ತಿರುಗಿ ಸದಸ್ಯತ್ವದ ಹಣ ಎತ್ತಿದರು. 1927ರ ಜೂನ್‌ನಲ್ಲಿ ಮೂಸ್ ಜಾ ಪಟ್ಟಣದಲ್ಲಿ ಸಾವಿರಾರು ಜನರ ಮುಂದೆ, ಕ್ಲಾನ್‌ನ ಪದ್ಧತಿಯಂತೆ, ಶಿಲುಬೆ ಉರಿಯಿತು. ಅದೇ ವರ್ಷ ಇಬ್ಬರೂ ಸಿಕ್ಕಿದಷ್ಟು ಹಣ ಬಾಚಿಕೊಂಡು ಪರಾರಿಯಾದರು. ಹೊರಗಿನವರೇ ರೋಗವಾಗಿದ್ದರೆ ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಮೋಸ ಹೋದವರು ಮನೆಗೆ ಹೋಗಲಿಲ್ಲ, ಊರಿನ ಜನರೇ ಸಂಘವನ್ನು ಮತ್ತೆ ಕಟ್ಟಿದರು, ರಿಜೈನಾದ ರೋಸ್‌ಬರೋ ಅದರ ಮುಖ್ಯಸ್ಥನಾದ, ಕೆಲವು ಪ್ರಾಟೆಸ್ಟೆಂಟ್ ಪಾದ್ರಿಗಳೂ ಸೇರಿದರು, ಸಂಘ ಮೊದಲಿಗಿಂತ ಜಾಸ್ತಿ ಬೆಳೆಯಿತು. ಇತಿಹಾಸಕಾರರು ಸಾಮಾನ್ಯವಾಗಿ ಹೇಳುವ ಅಂದಾಜು ಸುಮಾರು 25,000 ಸದಸ್ಯರು. ಪೂರ್ತಿ ಪ್ರಾಂತ್ಯದ ಜನಸಂಖ್ಯೆ ಆಗ ಹತ್ತು ಲಕ್ಷವೂ ಇರಲಿಲ್ಲ. ಭಾಷಣಕ್ಕೆ ಆಮೇಲೂ ಹೊರಗಿನವರು ಬಂದರು, ಒಪ್ಪುತ್ತೇನೆ. ಆದರೆ ಕೊರೆಯುವ ಚಳಿಯಲ್ಲಿ ಅದನ್ನು ಕೇಳಲು ಹೋದವರು ಯಾರು?

ಅಲ್ಲಿ ಕಪ್ಪು ಜನ ಬಹಳ ಕಡಿಮೆ ಇದ್ದರು. ಹಾಗಾಗಿ ಕ್ಲಾನ್ ಹಿಡಿದದ್ದು ಕ್ಯಾಥೊಲಿಕರನ್ನು, ಫ್ರೆಂಚ್ ಮಾತಾಡುವವರನ್ನು, ಪೋಲೆಂಡ್ ಉಕ್ರೇನ್ ಕಡೆಯಿಂದ ಬಂದ ಬಡ ರೈತರನ್ನು. ನೆಲ ಮೊದಲೇ ಹದವಾಗಿತ್ತು. ಒಂಟಾರಿಯೋದಿಂದ ವಲಸೆ ಬಂದವರು ಪ್ರಾಟೆಸ್ಟೆಂಟರ ಆರೆಂಜ್ ಸಂಘಗಳನ್ನೂ, ಪೋಪ್ ಮೇಲಿನ ಅನುಮಾನವನ್ನೂ ಜೊತೆಗೇ ತಂದಿದ್ದರು. ಪಕ್ಕದ ಮನಿಟೋಬಾ 1890ರಲ್ಲೇ ಕ್ಯಾಥೊಲಿಕ್ ಶಾಲೆಗಳಿಗೆ ಸರ್ಕಾರದ ಹಣ ನಿಲ್ಲಿಸಿತ್ತು. 1905ರಲ್ಲಿ ಸಾಸ್ಕಾಚೆವಾನ್ ಹುಟ್ಟುವಾಗ ಕ್ಯಾಥೊಲಿಕ್ ಶಾಲೆಗಳಿಗೆ ಹಕ್ಕು ಕೊಡುವುದನ್ನು ಒಪ್ಪದೆ ಕ್ಲಿಫರ್ಡ್ ಸಿಫ್ಟನ್ ಕೇಂದ್ರ ಸರ್ಕಾರದ ಮಂತ್ರಿ ಪದವಿ ಬಿಟ್ಟರು. ಆಗ ಅಲ್ಲಿ ಕ್ಲಾನ್‌ನ ಸುಳಿವೂ ಇರಲಿಲ್ಲ.

ಶಾಲೆಯ ಜಗಳಕ್ಕೆ ಇನ್ನೊಂದು ಮುಖವಿದೆ ಅಂತೀರಿ. ಇದೆ. ಕ್ಯಾಥೊಲಿಕರು ಹೆಚ್ಚಿದ್ದ ಹಳ್ಳಿಯಲ್ಲಿ ಸಾರ್ವಜನಿಕ ಶಾಲೆ ಅವರ ಕೈಯಲ್ಲೇ ಇರುತ್ತಿತ್ತು. ಪಾಠ ಹೇಳುವವರು ಸಿಸ್ಟರ್‌ಗಳು, ಗೋಡೆಯ ಮೇಲೆ ಶಿಲುಬೆ. ಅಲ್ಲಿನ ನಾಲ್ಕಾರು ಪ್ರಾಟೆಸ್ಟೆಂಟ್ ಮನೆಗಳಿಗೆ ಅದು ಕಷ್ಟವೇ. ಅಷ್ಟು ಒಪ್ಪಿದೆ. ಆದರೆ ಪರಿಹಾರ ಅಂತ ಮಾಡಿದ್ದೇನು ನೋಡಿ. 1929ರ ಚುನಾವಣೆಯ ನಂತರ ಪ್ರಾಂತ್ಯದಲ್ಲಿ ಕನ್ಸರ್ವೇಟಿವ್ ಪಕ್ಷದ ಆ್ಯಂಡರ್ಸನ್ ಅವರ ಸರ್ಕಾರ ಬಂತು. 1930ರಲ್ಲಿ ಸಾರ್ವಜನಿಕ ಶಾಲೆಗಳಲ್ಲಿ ಶಿಲುಬೆಯನ್ನೂ ಸಿಸ್ಟರ್‌ಗಳ ಉಡುಪನ್ನೂ ನಿಷೇಧಿಸಿತು. 1918ರ ಕಾನೂನು ಒಂದನೇ ತರಗತಿಗೆ ಮಾತ್ರ ಉಳಿಸಿದ್ದ ಫ್ರೆಂಚ್ ಮಾಧ್ಯಮ 1931ರಲ್ಲಿ ಹೋಯಿತು. ಆರು ವರ್ಷದ ಮಗು ತನ್ನ ತಾಯಿಯ ಮಾತಿನಲ್ಲಿ ಅಕ್ಷರ ಕಲಿತರೆ ಪ್ರಾಂತ್ಯಕ್ಕೆ ಏನು ಅಪಾಯ ಇತ್ತು ಹೇಳಿ! ಕನ್ನಡ ಮಾಧ್ಯಮಕ್ಕಾಗಿ ದನಿ ಎತ್ತುವ ನೀವಾದರೂ ಈ ಪ್ರಶ್ನೆ ಕೇಳಬೇಕಿತ್ತು.

ನಾನು ಓದಿದ್ದೂ ಸಿಸ್ಟರ್‌ಗಳ ಶಾಲೆಯಲ್ಲಿ. ಕಪ್ಪು ಹಲಗೆಯ ಮೇಲೆ ಶಿಲುಬೆ ಇತ್ತು. ಗಣಿತ ಕಲಿಸಿದ ಸಿಸ್ಟರ್ ಜ್ವರ ಬಂದಾಗ ನನ್ನನ್ನು ಮನೆತನಕ ನಡೆಸಿಕೊಂಡು ಬಂದು ಬಿಟ್ಟಿದ್ದರು. ಕೊರೆಯುವ ಹಿಮದ ಹಳ್ಳಿಗೆ ಹೋಗಿ ಅಲ್ಪ ಸಂಬಳಕ್ಕೆ ಪಾಠ ಹೇಳಿದ ಹೆಂಗಸರಿಗೆ "ಬಟ್ಟೆ ಬದಲಿಸಿ, ಇಲ್ಲವೇ ಹೊರಡಿ" ಅಂದದ್ದನ್ನು ಓದಿದಾಗ ನನಗೆ ಸಿಟ್ಟು ಬರುವುದು ಅದಕ್ಕೇ.

ಗಡಿ ದಾಟಿ ಅಮೆರಿಕದ ನಾರ್ತ್ ಡಕೋಟಕ್ಕೆ ಹೋಗಿ. 1948ರಲ್ಲಿ ಅಲ್ಲಿನ ಮತದಾರರೇ ಇಂಥದ್ದೇ ಉಡುಪು ನಿಷೇಧ ಜಾರಿಗೆ ತಂದರು. ಮುಖವಾಡ ಇಲ್ಲ, ಉರಿಯುವ ಶಿಲುಬೆ ಇಲ್ಲ. ಸುಮ್ನೆ ಮತಗಟ್ಟೆಗೆ ಹೋಗಿ ಮತ ಹಾಕಿ ಬಂದರು. ಬಿಷಪ್‌ಗಳು ಒಪ್ಪಿಗೆ ಕೊಟ್ಟರು, ಸಿಸ್ಟರ್‌ಗಳು ಸಾದಾ ಬಟ್ಟೆ ಹಾಕಿಕೊಂಡು ಪಾಠ ಮುಂದುವರಿಸಿದರು. ಇದಕ್ಕೆ ಯಾವ ಹೊರಗಿನವರನ್ನು ದೂರುತ್ತೀರಿ?

1934ರಲ್ಲಿ ಆ್ಯಂಡರ್ಸನ್ ಪಕ್ಷ ಒಂದೂ ಸೀಟು ಗೆಲ್ಲಲಿಲ್ಲ ಅಂತಲೂ ಬರೆದಿದ್ದೀರಿ, ಜನ ತಪ್ಪು ತಿದ್ದಿಕೊಂಡರು ಅನ್ನೋ ಅರ್ಥದಲ್ಲಿ. ಆ ಹೊತ್ತಿಗೆ ಬರಗಾಲ ಹೊಲ ಒಣಗಿಸಿತ್ತು, ಗೋಧಿಯ ಬೆಲೆ ನೆಲ ಕಚ್ಚಿತ್ತು. ಅಂಥ ಕಾಲದಲ್ಲಿ ಯಾವ ಸರ್ಕಾರವೂ ಉಳಿಯುವುದು ಕಷ್ಟ. ಅದನ್ನು ಪಶ್ಚಾತ್ತಾಪ ಅನ್ನಲಾರೆ.

1980ರಲ್ಲಿ ಪ್ರಾಂತ್ಯಕ್ಕೆ 75 ತುಂಬಿದಾಗ ಅಲ್ಲಿನ ಊರುಗಳು ತಮ್ಮ ಚರಿತ್ರೆಯ ಪುಸ್ತಕಗಳನ್ನು ರಾಶಿ ರಾಶಿ ಹೊರತಂದವು. ನಮ್ಮ ಕಚೇರಿಗೂ ಊರಿನ ಸ್ಮರಣ ಸಂಚಿಕೆಗಳು ವಿಮರ್ಶೆಗೆ ಬರುತ್ತಲೇ ಇರುತ್ತವೆ. ಬಾವಿ ತೋಡಿಸಿದವರ ಫೋಟೋ ಇರುತ್ತದೆ. ಆ ಬಾವಿಯ ನೀರು ಯಾರಿಗೆ ಸಿಗಲಿಲ್ಲ ಅನ್ನುವುದಕ್ಕೆ ಒಂದು ಸಾಲೂ ಇರುವುದಿಲ್ಲ. ಹಾರ ಹಾಕಿಸಿಕೊಂಡವರ ಪಟ್ಟಿಗೆ ಹತ್ತು ಪುಟ ಕೊಡುವ ಸಂಪಾದಕ ಮಂಡಳಿಗಳು ಊರು ಬಿಟ್ಟು ಹೋದವರನ್ನು ಒಂದು ಸಲವೂ ಹುಡುಕುವುದಿಲ್ಲ. ಎಷ್ಟು ಸಲ ಬರೆದು ಕೇಳಿದರೂ ಉತ್ತರ ಬರುವುದಿಲ್ಲ.

ನೀವು ಅಲ್ಲೇ ಇದ್ದೀರಿ. ಕ್ಲಾನ್ ವಿರುದ್ಧ ಗಟ್ಟಿಯಾಗಿ ಮಾತಾಡಿದ ಆಗಿನ ಪ್ರೀಮಿಯರ್ (ಪ್ರಾಂತ್ಯದ ಮುಖ್ಯಮಂತ್ರಿ) ಜಿಮ್ಮಿ ಗಾರ್ಡಿನರ್ ಅವರ ಕಾಗದಪತ್ರಗಳು ಪ್ರಾಂತ್ಯದ ಪತ್ರಾಗಾರದಲ್ಲಿವೆ. ಒಂದು ದಿನ ಬಿಡುವು ಮಾಡಿಕೊಂಡು ಓದಿ. ಆಮೇಲೂ ರೈತರು ಮುಗ್ಧರು ಅನ್ನಿಸಿದರೆ ಹಾಗೇ ಬರೆದು ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇನೆ.

– ಸಂಪಾದಕ