ಸೊಸೆಯ ಕಾಲ್ಗುಣಕ್ಕೂ ಮಲಪ್ರಭೆಯ ನೀರಿಗೂ ಏನು ಸಂಬಂಧ?

ರಾಮದುರ್ಗ ತಾಲ್ಲೂಕು, ಮಲಪ್ರಭೆಯ ದಂಡೆ, ಐವತ್ತು ದಾಟಿದ ಹೆಂಗಸು. ಗುರುತಿಗೆ ಇಷ್ಟು ಸಾಕು. 2019ರ ಆಗಸ್ಟ್ ನೆರೆಯಲ್ಲಿ ಮನೆ ಬಿತ್ತು. ಅಲ್ಲಿಂದ ಮಳೆಗಾಲ ಬಂತೆಂದರೆ ನಿದ್ದೆ ಇಲ್ಲ. ಆಪ್ತಸಲಹೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದವಳು ಸೊಸೆ. ನೆರೆ ಬಂದ ವರ್ಷವೇ ಬೇಸಿಗೆಯಲ್ಲಿ ಮದುವೆಯಾಗಿ ಬಂದವಳು.

ಹೊಳೆಸಾಲಿನ ಊರುಗಳಿಂದ ಬರುವವರಲ್ಲಿ ಇದು ಪದೇ ಪದೇ ಕಾಣುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನೀರು ಇಳಿದ ಮೇಲೆ ತಪ್ಪು ಯಾರಾದರೊಬ್ಬರ ತಲೆಗೆ ಬರುತ್ತದೆ. ಜಾಸ್ತಿ ಸಲ ಹೊಸದಾಗಿ ಮನೆಗೆ ಬಂದವರ ತಲೆಗೆ.

ಸೊಸೆಯನ್ನು ಹೊರಗೆ ಕೂರಿಸಿದ ದಿನ ಅತ್ತೆ ಬಾಯಿಬಿಟ್ಟರು. "ವರ್ಷಾ ಹೊಳಿಗೆ ಉಡಿ ತುಂಬತಿದ್ವಿ ರೀ. ಏನ್ ಕಡಿಮಿ ಮಾಡಿದ್ವಿ? ಮೊದಲ ಯಾರದರ ಮನಿ ಬಿದ್ರ, ಏನೋ ಪಾಪ ಮಾಡ್ಯಾರ ಅಂತಿದ್ದೆ. ಈಗ ನಮ್ಮ ಪಾಪ ಯಾವ್ದು ಅಂತ ಹುಡುಕಾಕತ್ತೀನಿ. ಈಕಿ ಕಾಲ್ಗುಣ ಬಿಟ್ರ ಮತ್ತೇನೂ ಸಿಗವಲ್ದು."

ನಾನು ಹಾಳೆ ತೆಗೆದು ಗೆರೆ ಎಳೆದೆ. ಹೊಳೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ. ಆ ಘಟ್ಟದಲ್ಲಿ ಮಳೆ ಹೊಡೆಯಿತು, ನವಿಲುತೀರ್ಥ ಡ್ಯಾಮು ತುಂಬಿತು, ಗೇಟು ತೆಗೆದರು. ಕೆಳಗೆ ನಿಮ್ಮೂರು. "ಇದರಾಗ ನಿಮ್ಮ ಸೊಸಿ ಎಲ್ಲಿ ನಿಂತಾಳ, ತೋರಸ್ರಿ" ಅಂದೆ. ಗೆರೆಯ ಮೇಲೆ ಬೆರಳಾಡಿಸಿದರು. ಬಹಳ ಹೊತ್ತಾದ ಮೇಲೆ, "ಹಂಗಾದ್ರ ಯಾರ ತಪ್ಪೂ ಇಲ್ಲ. ಅಂದ್ರ ಮತ್ತೂ ಬರಬಹುದಲ್ರೀ?"

"ಬರಬಹುದು" ಅಂದೆ. 2009ರಲ್ಲೂ ಈ ಭಾಗ ನೆರೆ ಕಂಡಿತ್ತಲ್ಲ.

ಇದಕ್ಕೆ ಸಹೋದ್ಯೋಗಿಯೊಬ್ಬರು ಸಿಟ್ಟಾದರು. ಹೆದರಿದವರಿಗೆ ಧೈರ್ಯ ಹೇಳಬೇಕು ಅಲ್ವಾ ಅಂದರು. ನನ್ನ ಉತ್ತರ ಇದು: ಪಾಪಕ್ಕಾದರೆ ಹರಕೆ ಇದೆ, ಮೋಡಕ್ಕೆ ಏನಿದೆ? ಮನಸ್ಸು ಪಾಪವನ್ನೇ ಗಟ್ಟಿಯಾಗಿ ಹಿಡಿಯುವುದು ಅದಕ್ಕೇ. ಅದನ್ನು ಬಿಡಿಸಿ "ಇನ್ನ ಬರೂದಿಲ್ಲ ಬಿಡ್ರಿ" ಎಂದು ಸುಮ್ನೆ ಸುಳ್ಳು ಹೇಳಿದರೆ ಅದು ಮುಂದಿನ ಜುಲೈ ತನಕವೂ ಬಾಳುವುದಿಲ್ಲ. ಬರಬಹುದು ಅಂತಲೇ ನಾನು ಈಗಲೂ ಹೇಳುತ್ತೇನೆ.

ಅತ್ತೆಗೆ ಹೇಳಿದ್ದು ಇಷ್ಟು: ಪಹಣಿ, ಆಧಾರ್, ಪಾಸ್‌ಬುಕ್ಕು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಲಿಡಿ. ಡ್ಯಾಮಿನ ಸುದ್ದಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕು, ರಾತ್ರಿ ವಾಟ್ಸಾಪ್ ಬೇಡ. ತಡೆಯಲಾಗದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಉಡಿ ತುಂಬುವುದನ್ನು ಬಿಡಿ ಅನ್ನಲಿಲ್ಲ, ಯಾಕೆ ಅನ್ನಲಿ? ನೀರು ಬಂದರೆ ಎಲ್ಲಿಗೆ ಹೋಗುವುದು, ಎಮ್ಮೆ ಬಿಚ್ಚುವವರು ಯಾರು, ಇದನ್ನು ಸೊಸೆಯ ಜೊತೆ ಕೂತು ಗೊತ್ತು ಮಾಡಿ.

ಕೊನೆಯದಕ್ಕೆ ಮಾತ್ರ ಅವರು ಒಪ್ಪಲಿಲ್ಲ. ಕಾಲ್ಗುಣದ ಹೆದರಿಕೆಗೆ ಆಕೆಯನ್ನು ಇಷ್ಟು ವರ್ಷ ಕೊಟ್ಟಿಗೆಗೇ ಬಿಟ್ಟಿರಲಿಲ್ಲ. "ಎಮ್ಮಿ ಆಕಿ ಮಾತು ಕೇಳೂದಿಲ್ರಿ" ಅಂದರು.

"ಹಂಗಾದ್ರ ನಾಳಿಂದನ ಹಾಲು ಹಿಂಡೂದು ಕಲಸ್ರಿ" ಅಂದೆ.