ಮಾರ್ಚ್ 31ರ ಬಾಕಿ

ನಮ್ಮೂರ ದವಾಖಾನೆಯ ಲೆಕ್ಕ ಓದುವ ಸಭೆ ಮುಗಿದು ಚಹಾ ಕುಡಿಯುವಾಗ ನೀವು ಕೇಳಿದಿರಿ: "ಇಷ್ಟೊಂದು ಬಾಕಿ ಇಟ್ಕೊಂಡು ಈ ಆಸ್ಪತ್ರೆ ಹೇಗ್ರೀ ನಡೀತಿದೆ? ನಮ್ಮ ಬೆಂಗಳೂರಲ್ಲಾದ್ರೆ ಯಾವತ್ತೋ ಮುಚ್ಚಿರೋರು." ನಾನು ನಕ್ಕು ಸುಮ್ಮನಾದೆ. ಅಲ್ಲಿ ಗದ್ದಲವೂ ಜಾಸ್ತಿ ಇತ್ತು. ಈಗ ನಿಧಾನಕ್ಕೆ ಬರೆಯುತ್ತೇನೆ.

ಮೊದಲು ನಾವು ಯಾರು ಅನ್ನುವುದು ಗೊತ್ತಾಗಬೇಕು. ನಮ್ಮೂರು ಜತ್ತ ತಾಲೂಕಿನ ಪೂರ್ವದ ತುದಿಯಲ್ಲಿದೆ. ಜಿಲ್ಲೆ ಸಾಂಗಲಿ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ಸಾಂಗಲಿಗಿಂತ ವಿಜಯಪುರ ನಮಗೆ ಹತ್ತಿರ. ಮಕ್ಕಳು ಸರಕಾರಿ ಶಾಲೆಯಲ್ಲಿ ಕನ್ನಡ ಓದುತ್ತಾರೆ, ಹೊಲದ ಸಾತ್‌ಬಾರಾ, ಅಂದರೆ ಪಹಣಿ, ಮರಾಠಿಯಲ್ಲಿ ಇರುತ್ತದೆ. ಗಡಿ ತಕರಾರಿನ ಬಗ್ಗೆ ಬಂದ 1967ರ ಮಹಾಜನ ವರದಿ ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಕರ್ನಾಟಕಕ್ಕೆ ಸೇರಲಿ ಅಂತ ಹೇಳಿತ್ತು. ವರದಿ ಕಾಗದದಲ್ಲೇ ಉಳಿಯಿತು, ನಾವು ಇದ್ದಲ್ಲೇ ಉಳಿದೆವು. ಇದನ್ನು ದೂರಾಗಿ ಹೇಳುತ್ತಿಲ್ಲ. ಆಸ್ಪತ್ರೆಯ ಲೆಕ್ಕ ಅರ್ಥ ಆಗಬೇಕಾದರೆ ಇಷ್ಟು ಗೊತ್ತಿರಬೇಕು, ಅದಕ್ಕೆ ಹೇಳಿದೆ.

ನಮ್ಮ ಕಡೆ ಮಳೆ ಕಡಿಮೆ. ದುಡಿಯುವ ವಯಸ್ಸಿನವರು ಊರಲ್ಲಿ ಉಳಿಯುವುದು ಕಷ್ಟ. ಹಾಗಾಗಿ ಪುಣೆಗೆ ಬಂದೆವು. ಭೋಸರಿಯ ಕಾರ್ಖಾನೆಗಳಲ್ಲಿ, ಚಾಕಣದ ಬಿಡಿಭಾಗದ ಘಟಕಗಳಲ್ಲಿ, ಹಿಂಜವಡಿಯ ಕಂಪ್ಯೂಟರ್ ಮುಂದೆ, ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ದಾಳಿಂಬೆ ರಾಶಿಯ ಹಿಂದೆ, ಎಲ್ಲಾ ಕಡೆ ನಮ್ಮವರಿದ್ದಾರೆ. ವರ್ಷಕ್ಕೊಮ್ಮೆ ಮಳೆಗಾಲದ ಒಂದು ಭಾನುವಾರ ಚಿಂಚವಡದಲ್ಲಿ ಒಂದು ಹಾಲ್ ಹಿಡಿಯುತ್ತೇವೆ. ಊರಿನ ದವಾಖಾನೆಯ ಡಾಕ್ಟರ್ ಬಾಯಿ ರಾತ್ರಿ ಬಸ್ಸಿಗೆ ಬರುತ್ತಾರೆ (ನೀವು ಮೇಡಂ ಅನ್ನುವ ಹಾಗೆ ನಾವು ಬಾಯಿ ಅನ್ನುತ್ತೇವೆ). ವರ್ಷದ ಲೆಕ್ಕ ಓದುತ್ತಾರೆ. ನೀವು ಬಂದಿದ್ದು ಆ ಸಭೆಗೇ.

ಓದುವ ರೀತಿ ನಿಮಗೆ ವಿಚಿತ್ರ ಅನ್ನಿಸಿರಬೇಕು. ಕೈಯಲ್ಲಿರುವ ಕಾಗದ ಪೂರ್ತಿ ಮರಾಠಿ. ದವಾಖಾನೆ ಒಂದು ಸಾರ್ವಜನಿಕ ಟ್ರಸ್ಟಿನದು. 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ಪ್ರಕಾರ ಲೆಕ್ಕ ಪರಿಶೋಧನೆ ಮಾಡಿಸಿ ಧರ್ಮಾದಾಯ ಆಯುಕ್ತರ ಕಚೇರಿಗೆ ಕೊಡಬೇಕು. ಪರಿಶಿಷ್ಟ ಎಂಟು ಅಂದರೆ ಆಸ್ತಿ ಮತ್ತು ಸಾಲ, ಪರಿಶಿಷ್ಟ ಒಂಬತ್ತು ಅಂದರೆ ಆದಾಯ ಮತ್ತು ಖರ್ಚು. ಬಾಯಿ ಮರಾಠಿ ಸಾಲು ನೋಡುತ್ತಾರೆ, ಬಾಯಲ್ಲಿ ಕನ್ನಡ ಬರುತ್ತದೆ. "ಯೇಣೆ ಬಾಕಿ" ಅಂತ ಬರೆದಿರುತ್ತದೆ, "ಬರಬೇಕಾಗಿದ್ದು" ಅಂತ ಓದುತ್ತಾರೆ. ನಿಮ್ಮ ಕಣ್ಣಿಗೆ ಬಿದ್ದದ್ದು ಅದೇ ಸಾಲು.

ಆ ಸಾಲು ಅಷ್ಟು ದಪ್ಪ ಇರುವುದಕ್ಕೆ ಕಾರಣ ಕಬ್ಬು.

ದಸರೆ, ದೀಪಾವಳಿ ಆಸುಪಾಸಿಗೆ ನಮ್ಮ ಅರ್ಧ ಊರು ಖಾಲಿ. ಕಬ್ಬು ಕಡಿಯಲು ಕೂಲಿಗಳ ಗುಂಪು ಕಟ್ಟುವ ಮುಕಾದಮ ಮುಂಗಡ ಕೊಟ್ಟಿರುತ್ತಾನೆ, ಅದಕ್ಕೆ ಉಚಲ ಅನ್ನುತ್ತಾರೆ. ಗಂಡ ಹೆಂಡತಿ ಜೋಡಿಗೆ ಒಂದು ಕೊಯ್ತಾ ಅಂತ ಲೆಕ್ಕ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರು ಒಂದು ಕತ್ತಿಯ ಹೆಸರಲ್ಲಿ ಟ್ರ್ಯಾಕ್ಟರ್ ಹತ್ತುತ್ತಾರೆ. ಸಾಂಗಲಿ, ಕೊಲ್ಲಾಪುರ, ಬೆಳಗಾವಿ ಕಡೆಯ ಫ್ಯಾಕ್ಟರಿಗಳಿಗೆ ಹೋದವರು ಹಂಗಾಮು ಮುಗಿಸಿ ಬರುವುದು ಯುಗಾದಿ ಸುತ್ತಮುತ್ತ. ಕೆಲವು ಟೋಳಿಗಳು, ಅಂದರೆ ಗುಂಪುಗಳು, ಇನ್ನೂ ತಡ.

ಊರಲ್ಲಿ ಉಳಿದವರು ಮುದುಕರು, ಮಕ್ಕಳು. ಮುದುಕರಿಗೆ ಬಿಪಿ, ಸಕ್ಕರೆ, ಮೊಣಕಾಲು. ಮಕ್ಕಳಿಗೆ ಕೆಮ್ಮು, ಜ್ವರ. ಇವರನ್ನು ಕರೆದುಕೊಂಡು ಬರುವವರ ಕೈಯಲ್ಲಿ ದುಡ್ಡು ಇರಲ್ಲ. ದುಡ್ಡು ತರಬೇಕಾದವರು ಕಬ್ಬಿನ ಫಡದಲ್ಲಿ ಇದ್ದಾರೆ. ಕೌಂಟರ್‌ನಲ್ಲಿ ಕೂತ ಹುಡುಗ ಕೆಂಪು ಬಟ್ಟೆ ಹಾಕಿ ಹೊಲಿದ ಉದ್ದದ ಪುಸ್ತಕ ತೆಗೆಯುತ್ತಾನೆ. ಹೆಸರು, ಓಣಿ, ಯಾರ ಟೋಳಿ, ಎಷ್ಟು ಬಾಕಿ. ವಿಳಾಸದ ಜಾಗದಲ್ಲಿ ಮುಕಾದಮನ ಹೆಸರು ಬರೆಯುವ ಆಸ್ಪತ್ರೆಯನ್ನು ನಾನು ಬೇರೆ ಕಡೆ ನೋಡಿಲ್ಲ.

ಸರಕಾರದ ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಟೋಳಿ ಆಗ ತಾನೇ ಬರುತ್ತಿರುತ್ತದೆ, ಅಥವಾ ಬಂದಿರುವುದಿಲ್ಲ. ಅಂದರೆ ನಮ್ಮ ದವಾಖಾನೆಯ ಫೋಟೋ ಪ್ರತಿ ವರ್ಷ ಅದು ತೀರಾ ಬಡವಾಗಿರುವ ದಿನವೇ ತೆಗೆಯಲಾಗುತ್ತದೆ. ಏಪ್ರಿಲ್, ಮೇನಲ್ಲಿ ಜನ ಬಂದು ಪುಸ್ತಕದಲ್ಲಿ ಗೆರೆ ಹೊಡೆಸುತ್ತಾರೆ. ಎಲ್ಲರೂ ಅಲ್ಲ. ಆದರೆ ಮಾರ್ಚ್ ನೋಡಿ ಹೆದರಿದವರು ಮೇ ತಿಂಗಳಲ್ಲಿ ಬಂದು ನೋಡಬೇಕು. ನೀವು ಬ್ಯಾಂಕಿನಲ್ಲಿ ಇದ್ದವರು, ಇದನ್ನು ಏನಂತ ಕರೀತೀರೋ ಗೊತ್ತಿಲ್ಲ. ನಮ್ಮಲ್ಲಿ ಉದ್ರಿ ಅಂತಾರೆ.

ಸೇವೆಯ ಪಟ್ಟಿಯೂ ಹಂಗಾಮಿನ ಪ್ರಕಾರವೇ. ಜೂನ್‌ನಿಂದ ಹಾವು, ಚೇಳು. ಬೇಸಿಗೆಯಲ್ಲಿ ದ್ರಾಕ್ಷಿ ಒಣಗಿಸಿ ಬೇದಾಣಿ ಮಾಡುವ ಶೆಡ್ಡುಗಳಿಂದ ಗಂಧಕದ ಹೊಗೆ ಕುಡಿದು ಕೆಮ್ಮುವ ಹೆಂಗಸರು. 2021ರಲ್ಲಿ ಕೋವಿಡ್ ಜೋರಾಗಿದ್ದಾಗ ಪುಣೆಯವರು ಪಟ್ಟಿ ಎತ್ತಿ ಆಕ್ಸಿಜನ್ ಯಂತ್ರ ಕೊಡಿಸಿದೆವು. ಅವು ಈಗ ದೂಳು ತಿನ್ನುತ್ತಿವೆ ಅಂತ ಸಭೆಯಲ್ಲಿ ಒಬ್ಬರು ಗೊಣಗಿದರು. ಬಾಯಿ ಹೇಳಿದ್ದು: "ಇಲ್ರಿ, ಬೇದಾಣಿ ಶೆಡ್ಡಿನ ಹೆಣ್ಮಕ್ಕಳು ಅದರ ಮ್ಯಾಲೇ ಉಸಿರು ಹಿಡದಾರ."

ಚೇಳಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಲ್ಲು ಹೊಲಗಳಲ್ಲಿ ಕೆಂಪು ಚೇಳು ಇದೆ. ಕಚ್ಚಿದರೆ ಮೈಯೆಲ್ಲಾ ತಣ್ಣಗೆ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ಮಂತ್ರ ಹಾಕಿಸುತ್ತಿದ್ದರು. ಚಿಕ್ಕ ಮಕ್ಕಳು ಉಳಿಯುತ್ತಿದ್ದದ್ದು ಕಡಿಮೆ. ರಾಯಗಡ ಜಿಲ್ಲೆಯ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅಂತ ಒಬ್ಬ ವೈದ್ಯರಿದ್ದಾರೆ. ಬಿಪಿಗೆ ಕೊಡುವ ಪ್ರಾಜೋಸಿನ್ ಮಾತ್ರೆ ಈ ಚೇಳಿನ ವಿಷಕ್ಕೆ ಕೆಲಸ ಮಾಡುತ್ತದೆ ಅಂತ ತೋರಿಸಿದವರು ಅವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಪಟ್ಟಣದ ಆಸ್ಪತ್ರೆಯಲ್ಲಿ ಕೂತಿದ್ದರೆ ಅವರಿಗೆ ಅಷ್ಟು ಚೇಳು ಕಡಿತ ಕಾಣುತ್ತಲೇ ಇರಲಿಲ್ಲ, ಅಲ್ವಾ? ನಮ್ಮ ದವಾಖಾನೆಯಲ್ಲಿ ಆ ಮಾತ್ರೆಯ ಡಬ್ಬಿ ರಾತ್ರಿ ನರ್ಸ್ ಮೇಜಿನ ಮೇಲೇ ಇರುತ್ತದೆ, ಬೀಗದ ಕಪಾಟಿನಲ್ಲಿ ಅಲ್ಲ.

ಹಾವಿನದು ಬೇರೆ ಕಥೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಔಷಧ. ವಿಷ ಏರಿದ್ದು ಕಂಡರೆ ಶುರುವಿಗೇ 10 ವಯಲ್ ಹಾಕುತ್ತಾರೆ. ಒಂದೇ ರಾತ್ರಿ ಇಬ್ಬರು ಬಂದರೆ 20 ಬೇಕು. ಹಾಗಾಗಿ ಸ್ಟಾಕ್ ಇಡಲೇಬೇಕು. ಹಾವು ಕಡಿಮೆ ಕಚ್ಚಿದ ವರ್ಷ ಔಷಧದ ಅವಧಿ ಮುಗಿಯುತ್ತದೆ, ಎಸೆಯಬೇಕು. ಪರಿಶಿಷ್ಟ ಒಂಬತ್ತರಲ್ಲಿ ಅದು ನಷ್ಟ. ಒಂದು ವರ್ಷ ಆಡಿಟರ್ ಇದರ ಮೇಲೆ ಪ್ರಶ್ನೆ ಹಾಕಿದರು. ಬಾಯಿ ಸಭೆಯಲ್ಲಿ ಅದನ್ನು ಓದಿ ಸುಮ್ಮನೆ ತಲೆ ಎತ್ತಿದರು. ಹಿಂದೆ ಕೂತಿದ್ದ ಮಾರ್ಕೆಟ್ ಯಾರ್ಡಿನ ಮಾವ ಜೋರಾಗಿ ಹೇಳಿದ: "ಹಾವು ಕಡೀಲಿಲ್ಲ ಅಂತ ಯಾರ ಮ್ಯಾಲೆ ಕೇಸ್ ಹಾಕೂಣ್ರಿ?" ಇಡೀ ಹಾಲ್ ನಕ್ಕಿತು.

ಇನ್ನು ಕಾಗದಪತ್ರದ ಗೋಳು. ಕರ್ನಾಟಕದ ಚಡಚಣ, ಇಂಡಿ ಕಡೆಯಿಂದಲೂ ಜನ ನಮ್ಮಲ್ಲಿಗೆ ಬರುತ್ತಾರೆ. ಅಕ್ಕ ಇತ್ತ ಕಡೆ, ತಂಗಿ ಅತ್ತ ಕಡೆ ಮದುವೆಯಾಗಿರುತ್ತಾರೆ. ಒಬ್ಬಳ ಕೈಯಲ್ಲಿ ಮಹಾರಾಷ್ಟ್ರದ ಹಳದಿ ರೇಷನ್ ಕಾರ್ಡ್, ಇನ್ನೊಬ್ಬಳ ಕೈಯಲ್ಲಿ ಕರ್ನಾಟಕದ ಬಿಪಿಎಲ್ ಕಾರ್ಡ್. ಇಬ್ಬರಿಗೂ ಬಂದಿರುವುದು ಅದೇ ಕಾಯಿಲೆ. ಮಹಾರಾಷ್ಟ್ರದಲ್ಲಿ 2012ರಲ್ಲಿ ರಾಜೀವ ಗಾಂಧಿ ಹೆಸರಲ್ಲಿ ಶುರುವಾದ ಪುಕ್ಕಟೆ ಚಿಕಿತ್ಸೆಯ ಯೋಜನೆ ಆಮೇಲೆ ಮಹಾತ್ಮ ಫುಲೆ ಹೆಸರಿಗೆ ಬಂತು. ಒಂದೂವರೆ ಲಕ್ಷದ ಮಿತಿಯನ್ನು 5 ಲಕ್ಷಕ್ಕೆ ಏರಿಸುವ ತೀರ್ಮಾನ 2023ರಲ್ಲಿ ಆಯಿತು. ಅದೇ ವರ್ಷ ಕರ್ನಾಟಕದೊಳಗಿನ 865 ಗಡಿ ಹಳ್ಳಿಗಳಿಗೂ ಈ ಯೋಜನೆ ಕೊಡುತ್ತೇವೆ ಅಂತ 54 ಕೋಟಿ ಇಟ್ಟರು. ಕರ್ನಾಟಕ ಸರಕಾರ ಸಿಟ್ಟಾಯಿತು. ಪತ್ರಿಕೆಗಳಲ್ಲಿ ವಾರಗಟ್ಟಲೆ ಅದೇ ಸುದ್ದಿ. ಆ ದಿನಗಳಲ್ಲಿ ನಮ್ಮ ಕೌಂಟರ್ ಹುಡುಗನ ಚಿಂತೆ ಬೇರೆ ಇತ್ತು. ತಾಲೂಕಿನಿಂದ ಆದಾಯದ ದಾಖಲೆ ಬರುವವರೆಗೆ ರೋಗಿ ಕಾಯುತ್ತಾನೋ ಇಲ್ಲವೋ ಅಂತ.

ನಮ್ಮ ದವಾಖಾನೆಗೆ ಇರುವುದು 15 ಹಾಸಿಗೆ. ಇಂಥ ಸಣ್ಣದು ದೊಡ್ಡ ಯೋಜನೆಗಳ ಪಟ್ಟಿಯಲ್ಲಿ ಇಲ್ಲ. ಆದರೆ ಧರ್ಮಾದಾಯ ಆಸ್ಪತ್ರೆಗಳ ನಿಯಮ ಇದೆ. 2006ರಲ್ಲಿ ಬಾಂಬೆ ಹೈಕೋರ್ಟ್ ಮಂಜೂರು ಮಾಡಿದ ಯೋಜನೆ ಅದು. ಶೇ. 10 ಹಾಸಿಗೆ ಕಡುಬಡವರಿಗೆ ಪುಕ್ಕಟೆ, ಶೇ. 10 ಹಾಸಿಗೆ ದುರ್ಬಲರಿಗೆ ಅರ್ಧ ದರ. ಬಿಲ್ಲಿನ ಶೇ. 2 ಬಡ ರೋಗಿಗಳ ನಿಧಿಗೆ ತೆಗೆದಿಡಬೇಕು. 15ಕ್ಕೆ ಶೇ. 10 ಅಂದರೆ ಎಷ್ಟಾಯಿತು? ಒಂದೂವರೆ ಹಾಸಿಗೆ. ಆ ಅರ್ಧ ಹಾಸಿಗೆಯ ಮೇಲೆ ಯಾರು ಮಲಗಬೇಕು ಅನ್ನುವುದು ನಮ್ಮೂರಿನ ಹಳೇ ಜೋಕು. ಪುಕ್ಕಟೆಗೆ ವರ್ಷದ ಆದಾಯ 1.80 ಲಕ್ಷ ಮೀರಬಾರದು, ಅರ್ಧ ದರಕ್ಕೆ 3.60 ಲಕ್ಷ. ಪುಣೆಯ ದೊಡ್ಡ ಟ್ರಸ್ಟ್ ಆಸ್ಪತ್ರೆಗಳಿಗೆ ಈ ನಿಯಮ ಹೊರೆ ಅಂತ ಕೇಳಿದ್ದೇನೆ. ನಮ್ಮಲ್ಲಿ ಆ ಲೆಕ್ಕಕ್ಕೆ ಸಿಗದವರನ್ನು ಹುಡುಕುವುದೇ ಕಷ್ಟ.

ಪುಣೆಯಲ್ಲಿರುವ ನಾವು ದುಡ್ಡು ಕೊಡುವುದು ಒಂದು ಭಾಗ ಮಾತ್ರ. ನಿಜ ಹೇಳಬೇಕೆಂದರೆ ದುಡ್ಡು ಕೊಡುವುದೇ ತಲೆನೋವು. ಭೋಸರಿಯ ಹುಡುಗರು ನೋಟು ಕೈಗೆ ತುರುಕಿ ಹೋಗುತ್ತಾರೆ. ಹೆಸರಿಲ್ಲದ ದಾನಕ್ಕೆ ತೆರಿಗೆ ಬೀಳಬಹುದು, ಹೆಸರು ವಿಳಾಸ ಬೇಕು ಅಂದರೆ ನಗುತ್ತಾರೆ. ತೆರಿಗೆ ರಿಯಾಯಿತಿ ಬೇಕಾದ ಹಿಂಜವಡಿಯವರಿಗೆ 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ನಡೆಯಲ್ಲ, ಅವರು ಮೊಬೈಲಿಂದ ಹಾಕುತ್ತಾರೆ. ಇಬ್ಬರ ರಸೀದಿ ಪುಸ್ತಕವೂ ಬೇರೆ ಬೇರೆ.

ಇನ್ನೊಂದು ಭಾಗ ಜೊತೆಗಿರುವುದು. ಊರಲ್ಲಿ ಆಗದ್ದು ಮೊದಲು ಮಿರಜಕ್ಕೆ ಹೋಗುತ್ತಿತ್ತು. 1894ರಲ್ಲಿ ಶುರುವಾದ ವಾನ್‌ಲೆಸ್ ಮಿಷನ್ ಆಸ್ಪತ್ರೆಯಿಂದಾಗಿ ಮಿರಜ ಅಂದರೇ ನಮಗೆ ದವಾಖಾನೆ. ಈಗ ಮಕ್ಕಳು ಪುಣೆಯಲ್ಲಿದ್ದಾರೆ ಅಂತ ಕೆಲವರು ನೇರ ಇಲ್ಲಿಗೆ ಬರುತ್ತಾರೆ. ಹೋದ ವರ್ಷ ನಮ್ಮ ಓಣಿಯ ಒಬ್ಬ ಅಜ್ಜಿಯನ್ನು ಇಲ್ಲಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಜ್ಜಿಗೆ ಮರಾಠಿ ಚೆನ್ನಾಗಿ ಬರುತ್ತದೆ, ಸಂತೆಯಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡುವವಳು. ಆದರೆ ಮಂಚದ ಮೇಲೆ ಮಲಗಿದ ಮೇಲೆ ಒಂದಕ್ಷರ ಮರಾಠಿ ಹೊರಡಲಿಲ್ಲ. "ಎದ್ಯಾಗ ಕಿವುಚಿದಂಗ ಆಗತೈತಿ, ಜೀವ ಕಳವಳ ಅಂತೈತಿ" ಅಂದಳು. ಎಳೆಯ ಡಾಕ್ಟರ್ ನನ್ನ ಮುಖ ನೋಡಿದರು. ನಾನು "ಛಾತೀತ್ ದುಖ್ತಂಯ್", ಎದೆ ನೋಯುತ್ತದೆ, ಅಂದೆ. ಹೇಳಿದ ಕೂಡಲೇ ಗೊತ್ತಾಯಿತು, ಸರಿಯಾಗಲಿಲ್ಲ ಅಂತ. ನೋವು ಅಲ್ಲ ಅದು. ಕಿವುಚುವುದಕ್ಕೆ, ಕಳವಳಕ್ಕೆ ನನ್ನ ಹತ್ತಿರವೂ ಮರಾಠಿ ಇರಲಿಲ್ಲ, 20 ವರ್ಷ ಪುಣೆಯಲ್ಲಿದ್ದೂ. ಕೊನೆಗೆ ಒದ್ದೆ ಬಟ್ಟೆ ಹಿಂಡುವ ಹಾಗೆ ಕೈ ತಿರುಗಿಸಿ ತೋರಿಸಿದೆ. ಡಾಕ್ಟರ್ ತಕ್ಷಣ ಇಸಿಜಿ ಬರೆದರು. ನಮ್ಮ ಊರಲ್ಲಾದರೆ ಕೈ ತಿರುಗಿಸುವ ಕೆಲಸ ಇರುತ್ತಿರಲಿಲ್ಲ.

ಬೆಳವಣಿಗೆ ಏನು ಅಂತಲೂ ಕೇಳಿದಿರಿ. ಕಟ್ಟಡ ಬೆಳೆದಿಲ್ಲ. ಚಾವಣಿಗೆ ಸೋಲಾರ್ ಬಂದಿದೆ, ಹಾಗಾಗಿ ಲೈಟ್ ಹೋದರೂ ಫ್ರಿಜ್ ನಿಲ್ಲಲ್ಲ. ಹಿಂದುಗಡೆ ನರ್ಸಿಗೆ ಒಂದು ಕೋಣೆ, ಬಚ್ಚಲು ಕಟ್ಟಿಸಿದ್ದೇವೆ. ಇದಕ್ಕೆ ಸಭೆಯಲ್ಲಿ ದೊಡ್ಡ ಜಗಳವೇ ಆಗಿತ್ತು. ದಾನಿಗಳಿಗೆ ಸೋನೋಗ್ರಾಫಿ ಯಂತ್ರ ಬೇಕಿತ್ತು, ಅದರ ಮೇಲೆ ಹೆಸರು ಬರೆಸಬಹುದಲ್ಲ. ಬಚ್ಚಲಿನ ಮೇಲೆ ಅಪ್ಪನ ಹೆಸರು ಯಾರು ಬರೆಸುತ್ತಾರೆ? ಡಾಕ್ಟರ್ ಬಾಯಿ ಹಟ ಬಿಡಲಿಲ್ಲ. ಈಗ ರಾತ್ರಿ ಹೆರಿಗೆಗೆ ಬಂದವರನ್ನು ವಾಪಸ್ ಕಳಿಸುವುದು ನಿಂತಿದೆ. ಯಾಕೆಂದರೆ ರಾತ್ರಿ ಒಬ್ಬಳು ನರ್ಸ್ ಅಲ್ಲೇ ಇರುತ್ತಾಳೆ.

ನೀವು ಹೊರಟ ಮೇಲೆ ಒಂದು ಸಂಗತಿ ನಡೆಯಿತು. ಚಾಕಣದಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಬಾಯಿಯ ಹತ್ತಿರ ಬಂದು 600 ರೂಪಾಯಿ ಇಟ್ಟ. ಅಪ್ಪನ ಬಾಕಿ ಅಂದ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಆ ಕಾಲದ ಕೆಂಪು ಪುಸ್ತಕ ಗೆದ್ದಲು ಹಿಡಿದು ಹೋಗಿದೆ. ಬಾಯಿ ದಾನದ ರಸೀದಿ ಬರೆಯಲು ಹೋದರು. ಹುಡುಗ ಕೈ ಅಡ್ಡ ಹಿಡಿದ. "ದಾನ ಅಂತ ಬರೀಬ್ಯಾಡ್ರಿ ಬಾಯಿ. ಬಾಕಿ ಅಂತ ಬರೀರಿ."

ಬಾಯಿ ಹಾಗೇ ಬರೆದುಕೊಟ್ಟರು. ಈಗ ಆಡಿಟರ್ ಒಪ್ಪುತ್ತಿಲ್ಲ. ಪುಸ್ತಕದಲ್ಲಿ ಇಲ್ಲದ ಬಾಕಿ ವಸೂಲಾಗಿದ್ದು ಹೇಗೆ ಅಂತ ಅವರ ಪ್ರಶ್ನೆ. ಸದ್ಯಕ್ಕೆ ಆ 600 ರೂಪಾಯಿ, ಯಾವ ಲೆಕ್ಕಕ್ಕೆ ಅಂತ ತೀರ್ಮಾನವಾಗದ ದುಡ್ಡು ಇಡುವ ಸಸ್ಪೆನ್ಸ್ ಖಾತೆಯಲ್ಲಿ ಕೂತಿದೆ. ಆಡಿಟ್ ಮುಗಿಯಬೇಕಾದ ಸೆಪ್ಟೆಂಬರ್ 30ರೊಳಗೆ ಅದಕ್ಕೊಂದು ಜಾಗ ಹುಡುಕಬೇಕು. ನಿಮಗೆ ಏನಾದರೂ ಹೊಳೆದರೆ ಹೇಳಿ.